ಸಂಕಿರಣದಲ್ಲಿ ಪ್ರಶ್ನೆಗೂ ಸಮಯ ಇರಲಿ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ವಿಚಾರ ಸಂಕಿರಣಗಳ ಬಗ್ಗೆಯೇ ಇವೆ. ಮೂರು ಕಾಸರಗೋಡು ಕಡೆಯವು, ಒಂದು ಮಹಾರಾಷ್ಟ್ರದ ಅಕ್ಕಲಕೋಟೆಯದು. ಹಾಗಾಗಿ ಈ ಅಂಕಣವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಬದಿಯಡ್ಕದವಳು. ನಮ್ಮ ಸುತ್ತಮುತ್ತ ‘ಅಡ್ಕ’ ಎಂದು ಮುಗಿಯುವ ಊರುಗಳ ಹೆಸರಿನ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ಪ್ರಬಂಧ ಮಂಡಿಸಬೇಕು. ಕೊಟ್ಟಿರುವುದು 15 ನಿಮಿಷ, ನಾನು ಬರೆದಿರುವುದು 14 ಪುಟ. ಕೆಲಸವೂ ಇನ್ನೂ ಅರ್ಧದಲ್ಲಿದೆ. ಗೊತ್ತಿಲ್ಲದ ಪ್ರಶ್ನೆ ಬಂದರೆ ಎಂತ ಮಾಡುವುದು?

ಉತ್ತರ: ಕೆಲಸ ಅರ್ಧದಲ್ಲಿದೆ ಎಂದು ನಾಚಿಕೊಳ್ಳಬೇಡಿ. ಮುಗಿದ ಕೆಲಸಕ್ಕೆ ಪುಸ್ತಕ ಉಂಟು. ಸಂಕಿರಣ ಇರುವುದು ಮುಗಿಯದ ಕೆಲಸಕ್ಕೆ. ಈಗ ಯಾರಾದರೂ ತಪ್ಪು ತೋರಿಸಿದರೆ ತಿದ್ದಿಕೊಳ್ಳಲು ಸಮಯವಿದೆ. ಎರಡು ವರ್ಷ ಕಳೆದ ಮೇಲೆ ತೋರಿಸಿದರೆ ಕಷ್ಟ.

ಮೊದಲು 14 ಪುಟದ ಮಾತು. ಇವತ್ತು ರಾತ್ರಿ ಒಂದು ಪುಟವನ್ನು ಗಟ್ಟಿಯಾಗಿ, ಸಭೆಗೆ ಓದುವ ಹಾಗೆ ಓದಿ, ಗಡಿಯಾರ ನೋಡಿ. ಒತ್ತಾಗಿ ಟೈಪ್ ಮಾಡಿದ ಎ4 ಪುಟವಾದರೆ ಎರಡೂವರೆ, ಮೂರು ನಿಮಿಷ ಬೇಕು. ಅಂದರೆ ನಿಮ್ಮ ಕೈಯಲ್ಲಿರುವುದು 40 ನಿಮಿಷದ ಓದು. ಐದು ಪುಟಕ್ಕೆ ಇಳಿಸಲೇಬೇಕು. ವೇಗವಾಗಿ ಓದಿ ಮುಗಿಸುತ್ತೇನೆ ಅಂದುಕೊಳ್ಳಬೇಡಿ, ಕೇಳುವವರಿಗೆ ಒಂದೂ ಹಿಡಿಯುವುದಿಲ್ಲ.

ಯಾವುದನ್ನು ಬಿಡುವುದು? ನಿಮ್ಮ ಪ್ರಬಂಧ ‘ಕಾಸರಗೋಡು ಸಪ್ತಭಾಷಾ ಸಂಗಮ ಭೂಮಿ’ ಎಂದೇ ಶುರುವಾಗಿರಬೇಕು, ಅಲ್ವಾ? ನಮ್ಮ ಕಡೆಯ ಹತ್ತರಲ್ಲಿ ಎಂಟು ಪ್ರಬಂಧ ಹಾಗೇ ಶುರುವಾಗುತ್ತವೆ. ಅದನ್ನು ಬಿಡಿ. 1956ರ ರಾಜ್ಯ ವಿಂಗಡಣೆಯ ಕಥೆಯನ್ನೂ ಬಿಡಿ, ಸಭೆಯಲ್ಲಿ ಕೂತವರಿಗೆ ಅದು ಗೊತ್ತು. ಸ್ಥಳನಾಮ ಶಾಸ್ತ್ರ ಎಂದರೇನು ಎಂಬ ಎರಡು ಪುಟವನ್ನೂ ತೆಗೆಯಿರಿ. ನೇರವಾಗಿ ಒಂದು ಹೆಸರಿನಿಂದ ಶುರು ಮಾಡಿ. ಉಕ್ಕಿನಡ್ಕ ಇರಲಿ, ಮುಂಡ್ಯತ್ತಡ್ಕ ಇರಲಿ. ಹಳೆಯ ಭೂದಾಖಲೆಯಲ್ಲಿ ಹೇಗಿದೆ, ಈಗ ಬಸ್ಸಿನ ಬೋರ್ಡಿನಲ್ಲಿ ಮಲಯಾಳಂ ಲಿಪಿಯಲ್ಲಿ ಹೇಗೆ ಬರೆದಿದ್ದಾರೆ, ಅಲ್ಲಿನ ಅಜ್ಜಿ ಬಾಯಲ್ಲಿ ಹೇಗೆ ಹೇಳುತ್ತಾರೆ. ಈ ಮೂರನ್ನು ಪಕ್ಕಪಕ್ಕ ಇಟ್ಟು ತೋರಿಸಿ. ಸಭೆ ಅಲ್ಲೇ ನಿಮ್ಮ ಕಡೆ ತಿರುಗುತ್ತದೆ.

ನನ್ನ ಮೊದಲ ಮಂಡನೆಯಲ್ಲಿ ನಾನು ಇದನ್ನು ಮಾಡಲಿಲ್ಲ. ಎಂಟು ಪುಟ ಪೀಠಿಕೆ ಓದಿದೆ. ಒಂಬತ್ತನೆಯ ಪುಟದಲ್ಲಿ ನನ್ನ ನಿಜವಾದ ಮಾತು ಶುರುವಾಗಬೇಕಿತ್ತು, ಅಷ್ಟರಲ್ಲಿ ಅಧ್ಯಕ್ಷರು ಗಂಟೆ ಬಾರಿಸಿದರು. ಎರಡು ವರ್ಷ ಊರೂರು ತಿರುಗಿ ಸಂಗ್ರಹಿಸಿದ್ದು ಚೀಲದಲ್ಲೇ ಉಳಿಯಿತು. ಊಟದ ಸಾಲಿನಲ್ಲಿ ಹಿರಿಯರೊಬ್ಬರು ‘ನೀವು ಹೇಳಬೇಕು ಅಂತಿದ್ದದ್ದು ಎಂತ?’ ಎಂದು ಕೇಳಿದರು. ತಟ್ಟೆ ಹಿಡಿದುಕೊಂಡೇ ಎರಡು ನಿಮಿಷದಲ್ಲಿ ಹೇಳಿದೆ. ಅವರು ಅಲ್ಲೇ ನಿಂತು ಮೂರು ಪ್ರಶ್ನೆ ಕೇಳಿದರು. ಆ ಮೂರು ಪ್ರಶ್ನೆಯಿಂದ ನನ್ನ ಒಂದು ಅಧ್ಯಾಯವೇ ಬದಲಾಯಿತು. ನೀವೂ ಹೀಗೆ ಮಾಡಿ ನೋಡಿ. ಮನೆಯಲ್ಲಿ ಯಾರಿಗಾದರೂ, ಓದದೆ, ಎರಡು ನಿಮಿಷದಲ್ಲಿ ವಿಷಯ ಹೇಳಿ. ಆಗ ಬಾಯಿಗೆ ಬರುವುದೇ ನಿಮ್ಮ ಪ್ರಬಂಧದ ಬೆನ್ನೆಲುಬು.

ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಗೊತ್ತಿಲ್ಲ, ನೋಡುತ್ತೇನೆ’ ಎನ್ನಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಕೇಳಿದವರ ಫೋನ್ ನಂಬರನ್ನೂ ತೆಗೆದುಕೊಳ್ಳಿ. ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಕೃಷಿಕರೊಬ್ಬರು ಎದ್ದು ತುಳುವಿನಲ್ಲಿ ಹೇಳಿದ್ದು ನೆನಪಿದೆ: ನಮ್ಮಲ್ಲಿ ಅಡ್ಕ ಬೇರೆ, ಪದವು ಬೇರೆ, ನೀವು ಎರಡನ್ನೂ ಬಯಲು ಅಂತ ಬರೆದುಬಿಟ್ಟಿದ್ದೀರಿ. ಮಂಡಿಸಿದ ಹುಡುಗನ ಮುಖ ಸಣ್ಣದಾಯಿತು. ಆದರೆ ಸಂಜೆ ಅವನು ಅದೇ ಕೃಷಿಕರ ಜೊತೆ ಅವರ ತೋಟಕ್ಕೆ ಹೋದ. ಅಂಥವರು ನಿಮ್ಮ ಸಭೆಗೂ ಬರಲಿ ಎಂದು ಹಾರೈಸುತ್ತೇನೆ.

ಪ್ರಶ್ನೆ: ಮಂಜೇಶ್ವರ ತಾಲೂಕಿನ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ ನಾನು. ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣ ಮಾಡಬೇಕೆಂದು ಕಾಲೇಜಿನವರ ಆಸೆ. ಹಣ ಕಡಿಮೆ. ದೊಡ್ಡ ಉದ್ಘಾಟನೆ ಬೇಕಂತೆ, 60 ಪ್ರಬಂಧ ಬೇಕಂತೆ, ಪುಸ್ತಕ ಅದೇ ದಿನ ಬಿಡುಗಡೆ ಆಗಬೇಕಂತೆ. ಕೇಳುವವರಲ್ಲಿ ಅರ್ಧದಷ್ಟು ಮಲಯಾಳಂ ಮಾತೃಭಾಷೆಯವರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಲೆಕ್ಕದಿಂದ ಶುರು ಮಾಡಿ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಏಳು ಗಂಟೆ. ಊಟ, ಎರಡು ಚಹಾ, ಉದ್ಘಾಟನೆ ಕಳೆದರೆ ಉಳಿಯುವುದು ಹೆಚ್ಚೆಂದರೆ ಐದು ಗಂಟೆ, ಅಂದರೆ 300 ನಿಮಿಷ. ಒಂದು ಪ್ರಬಂಧಕ್ಕೆ ಓದಲು 15, ಪ್ರಶ್ನೆಗೆ 10 ನಿಮಿಷ ಇಟ್ಟರೆ ದಿನಕ್ಕೆ 12 ಪ್ರಬಂಧ. ಎರಡು ದಿನಕ್ಕೆ 24. ಇನ್ನು 60 ಬೇಕೆಂದರೆ ಮೂರು ಕೋಣೆಯಲ್ಲಿ ಒಟ್ಟೊಟ್ಟಿಗೆ ನಡೆಸಬೇಕು. ಆಗ ಪ್ರತಿ ಕೋಣೆಯಲ್ಲೂ ಮಂಡಿಸುವವರು ನಾಲ್ಕು ಜನ, ಕೇಳುವವರು ಆರು ಜನ. ನಾನು ನಿಮ್ಮ ಜಾಗದಲ್ಲಿದ್ದರೆ ಒಂದೇ ದಿನ, ಒಂದೇ ಕೋಣೆ, 12 ಪ್ರಬಂಧ ಮಾಡುತ್ತಿದ್ದೆ. ಕಾಲೇಜಿನವರಿಗೆ ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಿ. ಬಾಯಿಮಾತಿಗಿಂತ ಅದಕ್ಕೆ ತೂಕ ಜಾಸ್ತಿ.

ದೊಡ್ಡದಾಗಿ ಮಾಡುವ ಆಸೆ ನನಗೆ ಅರ್ಥವಾಗುತ್ತದೆ. ನಮ್ಮ ಕಾಸರಗೋಡಿನಲ್ಲಿ 1948ರಲ್ಲಿ ತಿ.ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವೇ ನಡೆದಿದೆ. ಗಡಿಯಲ್ಲಿರುವ ನಮಗೆ ಕನ್ನಡದ ಹೆಸರಿನಲ್ಲಿ ಜನ ಸೇರಿದರೆ ಜೀವ ಬಂದ ಹಾಗಾಗುತ್ತದೆ. ಆದರೆ ಸಮ್ಮೇಳನದ ಕೆಲಸ ಬೇರೆ, ಸಂಕಿರಣದ ಕೆಲಸ ಬೇರೆ. ಸಮ್ಮೇಳನದಲ್ಲಿ ಜನ ಸೇರುವುದೇ ಮುಖ್ಯ. ಸಂಕಿರಣದಲ್ಲಿ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೂತು ಪರೀಕ್ಷಿಸಬೇಕು. ಶಾಲು, ಹಾರ, ಸ್ಮರಣಿಕೆ, ಎಂಟು ಜನರ ಶುಭಾಶಂಸನೆ ಎಂದು ಉದ್ಘಾಟನೆ ಎರಡು ಗಂಟೆ ಎಳೆದರೆ ನಾಲ್ಕು ಪ್ರಬಂಧಗಳ ಸಮಯ ಹೋಯಿತು. ಹೋಗುವುದು ಯಾವಾಗಲೂ ವಿದ್ಯಾರ್ಥಿಗಳ ಸಮಯ. ಅವರು ಮಧ್ಯಾಹ್ನ ನಾಲ್ಕಕ್ಕೆ, ಅರ್ಧ ಖಾಲಿಯಾದ ಸಭಾಂಗಣದಲ್ಲಿ, ‘ಐದೇ ನಿಮಿಷದಲ್ಲಿ ಮುಗಿಸಿ’ ಎಂಬ ಮಾತು ಕೇಳಿ ಮಂಡಿಸುತ್ತಾರೆ. ಇದನ್ನು ನೋಡಿ ನೋಡಿ ನನಗೆ ತುಂಬಾ ನೋವಾಗಿದೆ. ವಿದ್ಯಾರ್ಥಿಗಳನ್ನು ಬೆಳಿಗ್ಗೆ ಹಾಕಿ. ದೊಡ್ಡವರು ಮಧ್ಯಾಹ್ನ ಮಾತಾಡಲಿ, ಅವರಿಗಾಗಿ ಜನ ಹೇಗೂ ಕೂರುತ್ತಾರೆ.

ಪುಸ್ತಕ ಅದೇ ದಿನ ಬಿಡುಗಡೆ ಮಾಡಬೇಡಿ. ಇದೊಂದನ್ನು ಹಟ ಹಿಡಿದು ತಡೆಯಿರಿ. ಅಚ್ಚಾಗಿ ಬಂದ ಮೇಲೆ ಸಭೆಯಲ್ಲಿ ಯಾರು ಎಂತ ಕೇಳಿದರೂ ಅದು ಪ್ರಬಂಧದೊಳಗೆ ಹೋಗುವುದಿಲ್ಲ. ಹಾಗಿದ್ದರೆ ಕೇಳುವುದಾದರೂ ಯಾಕೆ? ಮಂಡಿಸಿದವರಿಗೆ ಎರಡು ತಿಂಗಳು ಕೊಡಿ. ಬಂದ ಪ್ರಶ್ನೆಗಳನ್ನು ವಿದ್ಯಾರ್ಥಿಯೊಬ್ಬರಿಂದ ಬರೆಸಿ ಅವರಿಗೆ ಕಳಿಸಿ. ತಿದ್ದಿ ಬಂದದ್ದನ್ನು ವಿಷಯ ಬಲ್ಲವರೊಬ್ಬರಿಗೆ ತೋರಿಸಿ ಆಮೇಲೆ ಅಚ್ಚು ಮಾಡಿ. ಐಎಸ್‌ಬಿಎನ್ ನಂಬರು ಆಗಲೂ ಸಿಗುತ್ತದೆ.

ಭಾಷೆಯ ವಿಷಯ. ಪ್ರಬಂಧ ಕನ್ನಡದಲ್ಲೇ ಇರಲಿ, ಹಿಂಜರಿಯುವುದು ಬೇಡ. ಪ್ರತಿ ಪ್ರಬಂಧದ ಸಾರವನ್ನು ಒಂದೇ ಹಾಳೆಯಲ್ಲಿ, ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳಂ ಮಾಡಿ ಬಾಗಿಲಲ್ಲೇ ಕೊಡಿ. ನಿಮ್ಮ ಕಾಲೇಜಿನಲ್ಲಿ ಎರಡೂ ಭಾಷೆ ಬರೆಯಬಲ್ಲ ಮಕ್ಕಳು ಬೇಕಾದಷ್ಟು ಇದ್ದಾರೆ, ಇಂಥ ಅನುಕೂಲ ಬೆಂಗಳೂರಿನ ಕಾಲೇಜಿಗೂ ಸುಲಭಕ್ಕೆ ಸಿಗುವುದಿಲ್ಲ. ಪ್ರಶ್ನೆಯನ್ನು ಕನ್ನಡ, ಮಲಯಾಳಂ, ತುಳು, ಬ್ಯಾರಿ, ಯಾವುದರಲ್ಲಾದರೂ ಕೇಳಬಹುದು ಎಂದು ಮೊದಲೇ ಮೈಕಿನಲ್ಲಿ ಹೇಳಿಬಿಡಿ. ಅದನ್ನು ಕನ್ನಡದಲ್ಲಿ ಎರಡು ವಾಕ್ಯದಲ್ಲಿ ದಾಟಿಸಲು ಅಧ್ಯಕ್ಷರ ಪಕ್ಕ ಒಬ್ಬರನ್ನು ಕೂರಿಸಿ.

ಇನ್ನೊಂದು ಸಣ್ಣ ವಿಷಯ, ಆದರೆ ಸಭೆಯನ್ನೇ ಕೆಡಿಸುವಂಥದ್ದು: ಅಕ್ಷರ. ಒಬ್ಬರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಇನ್ನೊಬ್ಬರು ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ತರುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ಪರದೆ ಮೇಲೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ಮಂಡಿಸುವವರ 15 ನಿಮಿಷದಲ್ಲಿ ಆರು ನಿಮಿಷ ಪೆನ್‌ಡ್ರೈವ್ ಹಾಕಿ ತೆಗೆಯುವುದರಲ್ಲೇ ಮುಗಿಯುತ್ತದೆ. ಯೂನಿಕೋಡ್‌ನಲ್ಲೇ ಬೇಕು ಎಂದು ಆಹ್ವಾನ ಪತ್ರದಲ್ಲಿ ಬರೆಯಿರಿ. ಸ್ಲೈಡುಗಳ ಪಿಡಿಎಫ್ ಅನ್ನು ಹಿಂದಿನ ದಿನವೇ ತರಿಸಿಕೊಂಡು ತೆರೆದು ನೋಡಿ.

ದಿನ ಗೊತ್ತು ಮಾಡುವಾಗ ಜೂನ್‌ನಿಂದ ಆಗಸ್ಟ್ ಬಿಡಿ. ಆ ಮಳೆಯಲ್ಲಿ ಕರೆಂಟೂ ನೆಚ್ಚುವ ಹಾಗಿಲ್ಲ, ಶೀಟಿನ ಮಾಡಿನ ಸಭಾಂಗಣವಾದರೆ ಮೈಕಿನ ಮಾತೂ ಕೇಳುವುದಿಲ್ಲ. ಓಣಂ ರಜೆ ನೋಡಿಕೊಳ್ಳಿ. ಕಣ್ಣೂರು ವಿಶ್ವವಿದ್ಯಾಲಯದ ಪರೀಕ್ಷೆ ಮಾತ್ರ ಅಲ್ಲ, ಮಂಗಳೂರು ವಿಶ್ವವಿದ್ಯಾಲಯದ್ದನ್ನೂ ನೋಡಿ. ಗಡಿಯ ಆಚೆಯಿಂದಲೇ ತಾನೆ ನಿಮಗೆ ಅರ್ಧ ಜನ ಬರಬೇಕಾದ್ದು! ಧಾರವಾಡದಿಂದ ರಾತ್ರಿ ಬಸ್ಸಿನಲ್ಲಿ ಬೆಳಿಗ್ಗೆ ಮಂಗಳೂರಿಗೆ ಬಂದು ಇಳಿಯುವವರಿಗೆ ತಲಪಾಡಿ ದಾಟಿ ನಿಮ್ಮಲ್ಲಿಗೆ ಬರುವ ದಾರಿ ಬರೆದು ಕಳಿಸಿ. ಮುಖ ತೊಳೆಯಲು ಒಂದು ಕೋಣೆ ಇಡಿ. ಪ್ರಯಾಣ ಭತ್ಯೆ ಕೊಡುತ್ತೀರೋ ಇಲ್ಲವೋ ಎಂಬುದನ್ನು ಕರೆಯುವ ದಿನವೇ ಹೇಳಿ. ಇಲ್ಲ ಎಂದರೂ ಜನ ಬೇಸರ ಮಾಡುವುದಿಲ್ಲ, ಕೊನೆಗೆ ಗೊತ್ತಾದರೆ ಮಾಡುತ್ತಾರೆ.

ಹಣಕ್ಕೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಗೆ ಅರ್ಜಿ ಹಾಕಬಹುದು, ವಿಷಯ ಅವರ ಕ್ಷೇತ್ರಕ್ಕೆ ಸೇರಬೇಕು ಅಷ್ಟೆ. ಭಾಷೆಯ ವಿಷಯವಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವನ್ನು ಕೇಳಿ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಬರೆಯಿರಿ. ಎಲ್ಲ ಕಡೆಯೂ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹೋಗಬೇಕು. ಮಂಜೂರಾತಿ ಪತ್ರ ಕೈಗೆ ಬರುವ ತನಕ ಆ ಹಣವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಖರ್ಚು ಕಡಿಮೆ ಮಾಡಬೇಕಾದರೆ ಫ್ಲೆಕ್ಸು, ಚೀಲ, ಸ್ಮರಣಿಕೆಯಲ್ಲಿ ಮಾಡಿ. ಊಟದಲ್ಲಿ ಮಾತ್ರ ಬೇಡ. ಗಂಜಿ, ಚಟ್ನಿ, ಒಂದು ಪಲ್ಯ ಆದರೂ ಸಾಕು, ಎಲ್ಲರೂ ಒಂದೇ ಕಡೆ ಕೂತು ಉಣ್ಣಲಿ. ಅತಿಥಿಗಳನ್ನು ಪ್ರಾಂಶುಪಾಲರ ಕೋಣೆಗೆ ಕರೆದುಕೊಂಡು ಹೋಗಿ ಬೇರೆ ಬಡಿಸಿದರೆ ವಿದ್ಯಾರ್ಥಿಗಳು ಅವರನ್ನು ಮಾತಾಡಿಸುವುದು ಯಾವಾಗ?

ಪ್ರಶ್ನೆ: ವಿದೇಶದ ಅಂತಾರಾಷ್ಟ್ರೀಯ ಸಮ್ಮೇಳನವೊಂದಕ್ಕೆ ನನ್ನ ಪ್ರಬಂಧ ಆಯ್ಕೆಯಾಗಿದೆ ಎಂದು ಇಮೇಲ್ ಬಂದಿದೆ. ಸಾರಾಂಶ ಕಳಿಸಿ ಎರಡೇ ದಿನ ಆಗಿತ್ತು. ಆನ್‌ಲೈನ್ ಮಂಡನೆ, ಶುಲ್ಕ 9,000 ರೂಪಾಯಿ. ಪಿಎಚ್‌.ಡಿ.ಗೆ ಸರ್ಟಿಫಿಕೇಟ್ ಬೇಕಲ್ಲ, ಕಟ್ಟಲೇ? (ಕುಂಬಳೆ)

ಉತ್ತರ: ಕಟ್ಟಬೇಡಿ. ಎರಡು ದಿನದಲ್ಲಿ ಯಾರೂ ಓದಿ ಆಯ್ಕೆ ಮಾಡುವುದಿಲ್ಲ. ನೀವು ಕಳಿಸಿದ ಆಹ್ವಾನದಲ್ಲಿ ಎಂಜಿನಿಯರಿಂಗ್, ಸಾಹಿತ್ಯ, ನರ್ಸಿಂಗ್, ವಾಣಿಜ್ಯ ಎಲ್ಲ ಒಂದೇ ವೇದಿಕೆಯಲ್ಲಿವೆ. ನಿಮ್ಮ ಪ್ರಬಂಧ ಅಲ್ಲಿ ಯಾರಿಗೆ ಅರ್ಥವಾಗಬೇಕು? ಸಮಿತಿಯಲ್ಲಿ ಹೆಸರಿರುವ ಯಾರಾದರೂ ಒಬ್ಬ ಪ್ರಾಧ್ಯಾಪಕರಿಗೆ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಬರೆದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದವರೂ ಇರುತ್ತಾರೆ.

ಸರ್ಟಿಫಿಕೇಟಿನ ವಿಷಯ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2016ರ ನಿಯಮದಲ್ಲಿ ಮಹಾಪ್ರಬಂಧ ಸಲ್ಲಿಸುವ ಮೊದಲು ಎರಡು ಸಮ್ಮೇಳನಗಳಲ್ಲಿ ಮಂಡನೆ, ಒಂದು ಪ್ರಕಟಿತ ಲೇಖನ ಕಡ್ಡಾಯವಾಗಿತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಇಲ್ಲ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿರಬಹುದು, ಕಚೇರಿಯಲ್ಲಿ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಮಂಡನೆ ಬೇಕೇ ಬೇಕು ಎಂದಾದರೆ ನಿಮ್ಮ ವಿಷಯದವರು ಸೇರುವ ಹತ್ತಿರದ ಸಂಕಿರಣಕ್ಕೆ ಹೋಗಿ. ಮಂಗಳೂರು ಇಲ್ಲೇ ಉಂಟು, ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ ಇಲ್ಲೇ ಉಂಟು. 9,000 ರೂಪಾಯಿಯಲ್ಲಿ ನೀವು ಮೂರು ಸಭೆಗೆ ಹೋಗಿ ಬರಬಹುದು.

ಪ್ರಶ್ನೆ: ನಾನು ಅಕ್ಕಲಕೋಟೆಯವನು. ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದೆ. ಸುತ್ತಲ ಹಳ್ಳಿಗಳ ಕನ್ನಡ ಶಾಸನಗಳನ್ನು ಬರೆದಿಟ್ಟುಕೊಂಡಿದ್ದೇನೆ. ನನಗೆ ಎಂ.ಎ. ಆಗಿಲ್ಲ, ಯಾವ ಕಾಲೇಜೂ ಇಲ್ಲ. ನನ್ನಂಥವನು ಸಂಕಿರಣಕ್ಕೆ ಹೋಗಬಹುದೇ?

ಉತ್ತರ: ಖಂಡಿತ ಹೋಗಬೇಕು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪೂರ್ತಿ ಮಾಡಿರಲಿಲ್ಲ. ವಿಶ್ವವಿದ್ಯಾಲಯದ ಹುದ್ದೆಯಲ್ಲೂ ಇರಲಿಲ್ಲ. ಮನೆಯಲ್ಲೇ ಕೂತು ಇತಿಹಾಸದ ಸಂಶೋಧನೆ ಮಾಡಿದರು. ಅವರ ಮನೆ ಇವತ್ತು ‘ಗಿಳಿವಿಂಡು’ ಸ್ಮಾರಕ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನದಂಥ ಕಡೆ ಕೆಲಸ ನೋಡುತ್ತಾರೆ, ಡಿಗ್ರಿ ಕೇಳುವುದಿಲ್ಲ.

ನಿಮ್ಮ ಕೈಬರಹದ ಪ್ರತಿಯ ಜೊತೆಗೆ ಕಲ್ಲಿನ ಫೋಟೋ ಬೇಕು. ನೆತ್ತಿಯ ಬಿಸಿಲಿನಲ್ಲಿ ತೆಗೆದರೆ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಬೆಳಕು ಓರೆಯಾಗಿ ಬೀಳುವಾಗ ತೆಗೆಯಿರಿ, ಆಗ ಸವೆದ ಅಕ್ಷರದ ಗುಳಿಯಲ್ಲೂ ನೆರಳು ನಿಲ್ಲುತ್ತದೆ. ಕಲ್ಲಿಗೆ ಸುಣ್ಣ, ಬಣ್ಣ ಹಚ್ಚಬೇಡಿ. ಕಲ್ಲು ಯಾವ ಊರಿನಲ್ಲಿ, ಯಾರ ಹೊಲದ ಬದುವಿನಲ್ಲಿ ಅಥವಾ ಯಾವ ಗುಡಿಯ ಎಡಕ್ಕೆ ಇದೆ, ಎಷ್ಟು ಸಾಲು ಇದೆ, ಎಲ್ಲೆಲ್ಲಿ ಒಡೆದಿದೆ ಎಂದು ಬರೆಯಿರಿ. ಓದಲಾಗದ ಕಡೆ ಊಹಿಸಿ ತುಂಬಿಸಬೇಡಿ, ಚುಕ್ಕೆ ಇಡಿ. ಮೊದಲ ಸಲಕ್ಕೆ ಒಂದೇ ಶಾಸನ ತೆಗೆದುಕೊಳ್ಳಿ, ಅದು ಈಗಾಗಲೇ ಪ್ರಕಟವಾಗಿದೆಯೇ ಎಂದು ಸೊಲ್ಲಾಪುರ ಜಿಲ್ಲೆಯ ಶಾಸನ ಸಂಪುಟದಲ್ಲಿ ನೋಡಿಕೊಳ್ಳಿ.

ಅರ್ಜಿಯಲ್ಲಿ ಸಂಸ್ಥೆಯ ಹೆಸರು ಕೇಳುವ ಜಾಗವನ್ನು ಖಾಲಿ ಬಿಡಬೇಡಿ. ‘ನಿವೃತ್ತ ಕನ್ನಡ ಶಿಕ್ಷಕ, ಅಕ್ಕಲಕೋಟೆ’ ಎಂದು ಬರೆದು ಕಳಿಸಿ.