ಇಪ್ಪತ್ತು ವರ್ಷಕ್ಕೆ ಇಪ್ಪತ್ತೇ ತಿಂಗಳು ಬಾಕಿ: ಪೈಲಟ್ ಪತಿ ಈಗಲೇ ಏರ್‌ಫೋರ್ಸ್ ಬಿಡಬಹುದೇ?

ಪ್ರಶ್ನೆ: ನನ್ನ ಪತಿ ವಾಯುಪಡೆಯಲ್ಲಿ ವಿಂಗ್ ಕಮಾಂಡರ್. ಸಾರಿಗೆ ವಿಮಾನದ ಪೈಲಟ್, ಪರ್ಮನೆಂಟ್ ಕಮಿಷನ್. ವಯಸ್ಸು 40. ಸೇವೆ 18 ವರ್ಷ 4 ತಿಂಗಳಾಗಿದೆ. ಈಗಲೇ ಪೇಪರ್ ಹಾಕಿ ಖಾಸಗಿ ಏರ್‌ಲೈನ್ ಸೇರುತ್ತೇನೆ ಅನ್ನುತ್ತಿದ್ದಾರೆ. ಅಲ್ಲಿನ ಸಂಬಳದಲ್ಲಿ ಪಿಎಫ್, ಎಸ್‌ಐಪಿ (ಮ್ಯೂಚುವಲ್ ಫಂಡ್‌ಗೆ ತಿಂಗಳ ಕಂತು) ಮಾಡಿದರೆ ಪೆನ್ಷನ್‌ಗಿಂತ ಜಾಸ್ತಿ ದುಡ್ಡಾಗುತ್ತೆ, ಸುಮ್ನೆ ಯಾಕೆ ಕಾಯಬೇಕು ಎಂಬುದು ಅವರ ವಾದ. ನಿಜವೇ?
— ಓದುಗರು, ಯಲಹಂಕ

ಉತ್ತರ: ದಯವಿಟ್ಟು ಈ ಇಪ್ಪತ್ತು ತಿಂಗಳು ಕಾಯಿರಿ. ಅಧಿಕಾರಿಗಳಿಗೆ ಪೆನ್ಷನ್ ಸಿಗಬೇಕಾದರೆ ಸಾಮಾನ್ಯವಾಗಿ 20 ವರ್ಷ ಸೇವೆ ಆಗಿರಲೇಬೇಕು. ಅದಕ್ಕೆ ಮುಂಚೆ ರಾಜೀನಾಮೆ ಕೊಟ್ಟರೆ ಅವರ ಪ್ರಾವಿಡೆಂಟ್ ಫಂಡ್ ಹಣ ಬರುತ್ತೆ, ಪೆನ್ಷನ್ ಬರುವುದಿಲ್ಲ. ನಿವೃತ್ತ ಸೈನಿಕರ ಇಸಿಎಚ್‌ಎಸ್ ಚಿಕಿತ್ಸಾ ಸೌಲಭ್ಯವೂ ಕೈತಪ್ಪುತ್ತೆ. ಹದಿನೆಂಟು ವರ್ಷ ದುಡಿದು ಕೈಗೆ ಬಂದ ತುತ್ತನ್ನು ಬಾಯಿಗೆ ಬರದಂತೆ ಮಾಡಿಕೊಳ್ಳಬೇಡಿ.

ಲೆಕ್ಕ ಹಾಕೋಣ. ನಿವೃತ್ತಿ ಹೊತ್ತಿಗೆ ಮೂಲ ವೇತನ ₹1,44,700 ಇದೆ ಅಂದುಕೊಳ್ಳಿ. ಮಿಲಿಟರಿ ಸರ್ವಿಸ್ ಪೇ ₹15,500 ಸೇರಿಸಿದರೆ ₹1,60,200. ಅದರ ಅರ್ಧ, ಅಂದರೆ ₹80,100, ಪೆನ್ಷನ್. ಇದರ ಮೇಲೆ ತುಟ್ಟಿಭತ್ಯೆ. 2025ರ ಜುಲೈನ ದರ 58% ಹಿಡಿದರೂ ತಿಂಗಳಿಗೆ ₹1.26 ಲಕ್ಷ ದಾಟುತ್ತೆ. ಬೆಲೆ ಏರಿದಂತೆ ಇದೂ ಏರುತ್ತೆ. ಅದೂ 42ನೇ ವಯಸ್ಸಿನಿಂದ, ಬದುಕಿರುವವರೆಗೂ.

ಇದೇ ಆದಾಯವನ್ನು ಸ್ವಂತ ಉಳಿತಾಯದಿಂದ ಪಡೆಯಬೇಕು, ಅಸಲೂ ಕರಗಬಾರದು ಅಂದರೆ, ವರ್ಷಕ್ಕೆ ಮೂರೂವರೆ ಪರ್ಸೆಂಟ್‌ಗಿಂತ ಹೆಚ್ಚು ತೆಗೆಯಬೇಡಿ ಎಂದೇ ನಾನು ಹೇಳುವುದು. ಆ ಲೆಕ್ಕದಲ್ಲಿ ₹4.3 ಕೋಟಿ ಗಂಟು ಬೇಕು. ಈಗಲೇ ಬಿಟ್ಟರೆ ಅವರಿಗೆ ಸಿಗುವುದು ಏರ್‌ಲೈನ್‌ನ ಇಪ್ಪತ್ತು ತಿಂಗಳ ಸಂಬಳ ಹೆಚ್ಚಿಗೆ, ಜೊತೆಗೆ ಒಂದಿಷ್ಟು ಸೀನಿಯಾರಿಟಿ. ಸೀನಿಯಾರಿಟಿ ಸಣ್ಣ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಈಗಿನದಕ್ಕಿಂತ ತಿಂಗಳಿಗೆ ₹5 ಲಕ್ಷ ಜಾಸ್ತಿ ಉಳಿಸಿದರೂ ಆಗುವುದು ಒಂದು ಕೋಟಿ. ಉಳಿದ ಮೂರು ಕೋಟಿ ಎಲ್ಲಿಂದ ತರುತ್ತೀರಿ?

ಇನ್ನೊಂದು ಮಾತು ನಿಮಗಾಗಿ. ಪೆನ್ಷನ್ ಪಡೆದವರ ಪತ್ನಿಗೆ ಕುಟುಂಬ ಪಿಂಚಣಿ ಇದೆ. ಕೊನೆಯ ವೇತನದ 30%. ಇದೇ ಲೆಕ್ಕದಲ್ಲಿ ₹48,060, ಮೇಲೆ ತುಟ್ಟಿಭತ್ಯೆ. ಪಿಎಫ್‌ನಲ್ಲಿ ಇಂಥದ್ದಿಲ್ಲ. 2014ರ ಸೆಪ್ಟೆಂಬರ್ ನಂತರ ₹15,000ಕ್ಕಿಂತ ಹೆಚ್ಚಿನ ಸಂಬಳಕ್ಕೆ ಹೊಸದಾಗಿ ಸೇರಿದವರಿಗೆ ಇಪಿಎಫ್‌ನ ಪೆನ್ಷನ್ ಯೋಜನೆಯೇ ಅನ್ವಯಿಸುವುದಿಲ್ಲ. ಕಂಪನಿ ಪಿಎಫ್ ಕೊಟ್ಟರೂ ಅದು ಬರೀ ಗಂಟು. 2024-25ರಲ್ಲಿ 8.25% ಬಡ್ಡಿ ಚೆನ್ನಾಗಿಯೇ ಇತ್ತು, ಆದರೆ ವರ್ಷಕ್ಕೆ ₹2.5 ಲಕ್ಷ ದಾಟಿದ ಸ್ವಂತ ವಂತಿಗೆಯ ಬಡ್ಡಿಗೆ ತೆರಿಗೆ ಇದೆ.

ಖಾಸಗಿ ಉಳಿತಾಯ ನಿಂತಿರುವುದು ಸಂಬಳದ ಮೇಲೆ. ಪೈಲಟ್ ಸಂಬಳ ನಿಂತಿರುವುದು ಮೆಡಿಕಲ್ ಫಿಟ್‌ನೆಸ್ ಮೇಲೆ. ನನ್ನ ಹತ್ತಿರ ಸಲಹೆಗೆ ಬರುತ್ತಿದ್ದ ಮಾಜಿ ವಾಯುಪಡೆ ಪೈಲಟ್ ಒಬ್ಬರ ಜೊತೆ, ಪೈಲಟ್‌ಗಳ ಆರೋಗ್ಯ ತಪಾಸಣೆ ನಡೆಯುವ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ ಹೋಗಿದ್ದೆ. ಕಿಡ್ನಿಯಲ್ಲಿ ಕಲ್ಲು, ತಾತ್ಕಾಲಿಕ ಅನ್‌ಫಿಟ್. ಕಂಕುಳಲ್ಲಿ ಫೈಲ್ ಅವುಚಿಕೊಂಡು ಅವರು ಮಾತಿಲ್ಲದೆ ಕೂತಿದ್ದರು. ಹಾರಾಟ ಭತ್ಯೆ ನಿಂತು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಫೋನ್ ಸದ್ದಾಯಿತು, ಪೆನ್ಷನ್ ಜಮಾ ಆದ ಮೆಸೇಜ್. ಅದನ್ನು ಓದಿ ಫೋನ್ ಜೇಬಿಗಿಟ್ಟು, "ಮಗಳ ಫೀಸ್ ಆಯ್ತು" ಅಂದರು. ಇನ್ನು ಕಂಪನಿಯೇ ನಿಂತುಹೋದರೆ? ಕಿಂಗ್‌ಫಿಶರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು.

ಹಾಗಂತ ನಿವೃತ್ತಿಯ ವಯಸ್ಸಿನವರೆಗೂ ಅಲ್ಲೇ ಇರಲಿ ಅನ್ನುತ್ತಿಲ್ಲ. 20 ವರ್ಷ ಮುಗಿಸಿ ಧಾರಾಳವಾಗಿ ಹೋಗಲಿ. ವಿಮಾನ ಕಂಪನಿಯಲ್ಲಿ 65ರವರೆಗೆ ಹಾರಬಹುದು. ಆಗ ಪೆನ್ಷನ್ ಮತ್ತು ಎಸ್‌ಐಪಿ ಎರಡೂ ಇರುತ್ತವೆ, ಅಲ್ವಾ? ಪೆನ್ಷನ್‌ಗೂ ಆದಾಯ ತೆರಿಗೆ ಇದೆ. ಏರ್‌ಲೈನ್ ಸಂಬಳದ ಜೊತೆ ಸೇರಿದಾಗ 30% ಸ್ಲ್ಯಾಬ್‌ಗೆ ಹೋಗುತ್ತೆ. ಮಿಕ್ಕಿದ್ದನ್ನು ಮನೆ ಖರ್ಚಿಗೆ ಮುಟ್ಟದೆ ನೇರ ಹೂಡಿಕೆಗೆ ಹಾಕಿ.

20 ವರ್ಷ ಮುಗಿಸಿದ್ದರೂ ನಿವೃತ್ತಿ ವಯಸ್ಸಿಗೆ ಮುಂಚೆ ಸ್ವಇಚ್ಛೆಯಿಂದ ಬಿಟ್ಟವರಿಗೆ 2015ರ ನವೆಂಬರ್ 7ರ ಆದೇಶದ ಪ್ರಕಾರ 'ಒಂದು ಶ್ರೇಣಿ, ಒಂದು ಪಿಂಚಣಿ' (ಯಾವಾಗ ನಿವೃತ್ತರಾದರೂ ಒಂದೇ ಶ್ರೇಣಿ, ಒಂದೇ ಸೇವಾವಧಿಗೆ ಒಂದೇ ಪೆನ್ಷನ್) ಸಿಗುವುದಿಲ್ಲ. ಇದರ ಮೇಲೆ ವ್ಯಾಜ್ಯಗಳು ನಡೆದಿವೆ. ನೀವು ಇಲ್ಲ ಎಂದೇ ಲೆಕ್ಕ ಹಿಡಿಯಿರಿ. ಅರ್ಧ ಪೆನ್ಷನ್ ಕಮ್ಯೂಟ್ ಮಾಡಿದರೆ, ಅಂದರೆ ತಿಂಗಳು ತಿಂಗಳು ಪಡೆಯುವ ಬದಲು ಮುಂಗಡವಾಗಿ ಪಡೆದರೆ, ₹43 ಲಕ್ಷದ ಆಸುಪಾಸು ತೆರಿಗೆಯಿಲ್ಲದೆ ಒಟ್ಟಿಗೆ ಬರುತ್ತೆ. ಆ ಅರ್ಧ 15 ವರ್ಷದ ನಂತರ ವಾಪಸ್ ಶುರುವಾಗುತ್ತೆ. ಅಲ್ಲಿಯವರೆಗೂ ತುಟ್ಟಿಭತ್ಯೆ ಪೂರ್ತಿ ಪೆನ್ಷನ್ ಮೇಲೆಯೇ. ಗೃಹಸಾಲ ಇದ್ದರೆ ಅದನ್ನು ತೀರಿಸಲು ಇದು ಒಳ್ಳೆ ದಾರಿ.

ಅವರು ಈಗ ಮಾಡಬೇಕಾದ್ದು ಇಷ್ಟು. ಕಮಿಷನ್ ಆದ ದಿನದಿಂದ 20 ವರ್ಷ ಎಂದು ತುಂಬುತ್ತದೆ, ಮಧ್ಯೆ ಲೆಕ್ಕಕ್ಕೆ ಬಾರದ ರಜೆ ಇದೆಯಾ ಎಂದು ದಾಖಲೆ ತೆಗೆಸಿ ನೋಡಲಿ. ಬಿಡುಗಡೆಗೆ ಒಪ್ಪಿಗೆ ಸಿಗುವುದು ನಿಧಾನ, ಕೆಲವೊಮ್ಮೆ ಸಿಗುವುದೂ ಇಲ್ಲ. ಆದ್ದರಿಂದ ಆ ಕಾಗದ ಕೈಗೆ ಬರುವ ಮುಂಚೆ ಯಾವ ಏರ್‌ಲೈನ್‌ಗೂ ಸೇರುವ ದಿನಾಂಕದ ಮಾತು ಕೊಡುವುದು ಬೇಡ.