ಕೌದಿಯ ಅಂಚಿಗೆ ಸಮೋಸಾ

ಪ್ರಶ್ನೆ: ಅಕ್ಕಾ, ಮಗಳ ಬಾಣಂತನಕ್ಕೆ ಬರುವ ಕೂಸಿಗೆ ಅಂತ ಒಂದು ಕೌದಿ ಹೊಲಿದಿದ್ದೇನೆ. ಸುತ್ತ ಹೊಲಿಗೆಗೆ ಹೋಗುವ ಕಾಲು ಇಂಚು ಬಿಟ್ಟು ಅಗಲ 36 ಇಂಚು, ಉದ್ದ 45. ಸುತ್ತ ಪ್ರೇರಿ ಪಾಯಿಂಟ್, ಅಂದರೆ ಬಟ್ಟೆ ಮಡಿಚಿದ ತ್ರಿಕೋನಗಳ ಅಂಚು, ಹಾಕೋಣ ಅಂತ 4 ಇಂಚಿನ ಚೌಕ ಕತ್ತರಿಸಿಕೊಂಡೆ. ಪ್ರತಿ ಸಾಲಿನ ಕೊನೆಗೂ ಒಂದು ತ್ರಿಕೋನ ಅರ್ಧ ಹೊರಗೆ ಬರುತ್ತದೆ. ಮೂಲೆಯಲ್ಲಿ ಗಂಟಾಗುತ್ತದೆ. ಮೂರು ಸಲ ಬಿಚ್ಚಿದೆ. ಸುಮ್ನೆ ಪೈಪಿಂಗ್ ಕೊಟ್ಟು ಮುಗಿಸಿಬಿಡಲಾ?
— ಪಾಂಡವಪುರದ ಓದುಗರು

ಬೇಡ ತಾಯಿ, ಪೈಪಿಂಗ್ ಬೇಡ. ಮೂರು ಸಲ ಬಿಚ್ಚಿದವರು ನಾಲ್ಕನೇ ಸಲ ಸರಿಯಾಗಿಯೇ ಹಾಕುತ್ತಾರೆ. ಈ ಪ್ರೇರಿ ಪಾಯಿಂಟ್ ಅನ್ನೋದು ದೊಡ್ಡ ಹೆಸರಷ್ಟೆ. ಪ್ರೇರಿ ಅಂದರೆ ಅಮೆರಿಕದ ಹುಲ್ಲುಗಾವಲು. ಬ್ಲೌಸಿನ ಕತ್ತಿಗೆ, ಕುರ್ತಾದ ಅಂಚಿಗೆ ಹಾಕ್ತಾರಲ್ಲ, ಸಮೋಸಾ ಡಿಸೈನ್, ಅದರ ಅಕ್ಕನೇ ಇದು. ಮೈಸೂರಿನ ಅಗ್ರಹಾರದಲ್ಲಿ ಕೂತು ಮೂವತ್ತು ವರ್ಷ ಬ್ಲೌಸ್ ಹೊಲಿದವಳು ನಾನು. ಸಮೋಸಾ ಎಷ್ಟು ಮಡಿಚಿದ್ದೇನೋ ಲೆಕ್ಕವಿಲ್ಲ. ಆದರೂ ಕೌದಿಗೆ ಮೊದಲ ಸಲ ಹಾಕಿದಾಗ ಎಡವಿದೆ. ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಲೆಕ್ಕ. ಮಿಷನ್ನು ಮುಚ್ಚಿಡಿ, ಟೇಪು ತೆಗೀರಿ. 4 ಇಂಚಿನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಚಿ, ಇನ್ನೊಮ್ಮೆ ಅರ್ಧಕ್ಕೆ ಮಡಿಚಿದರೆ ಬುಡ 4 ಇಂಚು, ಎತ್ತರ 2 ಇಂಚಿನ ತ್ರಿಕೋನ ಬರುತ್ತದೆ. ಕಾಲು ಇಂಚು ಹೊಲಿಗೆಯೊಳಗೆ ಹೋದರೆ ಕಣ್ಣಿಗೆ ಕಾಣುವ ಬುಡ ಮೂರೂವರೆ, ಎತ್ತರ ಒಂದೂಮುಕ್ಕಾಲು. ನೀವು ಬಹುಶಃ 4 ಅಂತಲೇ ಎಣಿಸಿದ್ದೀರಿ. ಅಥವಾ ಕಣ್ಣಳತೆಯಲ್ಲಿ ಒಂದು ತುದಿಯಿಂದ ಹಾಕುತ್ತಾ ಹೋಗಿದ್ದೀರಿ. ಎರಡರಲ್ಲಿ ಯಾವುದಾದರೂ ಕೊನೆಯಲ್ಲಿ ತೊಂದರೆ ಕೊಡುತ್ತದೆ.

ಒಂದರ ಬುಡ ಶುರುವಾಗುವಲ್ಲಿಂದ ಮುಂದಿನದರ ಬುಡ ಶುರುವಾಗುವಲ್ಲಿಗೆ 3 ಇಂಚು ಇಟ್ಟುಕೊಳ್ಳಿ, ಅರ್ಧ ಇಂಚು ಒಂದರೊಳಗೊಂದು ಕೂರುತ್ತದೆ. ಅಗಲಕ್ಕೆ 12 ತ್ರಿಕೋನ, ಉದ್ದಕ್ಕೆ 15. ಎರಡು ಕಡೆಯೂ ಸರಿಯಾಗಿ ಅರ್ಧ ಇಂಚು ಜಾಸ್ತಿಯಾಗುತ್ತದೆ. ನಿಮ್ಮನ್ನು ಅಳಿಸಿದ್ದು ಈ ಅರ್ಧ ಇಂಚೇ! ಅದನ್ನು ಕೊನೆಯ ತ್ರಿಕೋನದ ತಲೆಗೆ ಕಟ್ಟಬೇಡಿ. ಅಗಲದಲ್ಲಿ ಹನ್ನೊಂದು ಸಂದಿ ಇವೆ, ಉದ್ದದಲ್ಲಿ ಹದಿನಾಲ್ಕು. ಎಲ್ಲಕ್ಕೂ ಹಂಚಿದರೆ ಒಂದೊಂದನ್ನು ಸುಮಾರು ಒಂದು ಮಿಲಿಮೀಟರ್ ಒಳಗೆ ತಳ್ಳಿದರಾಯ್ತು. ಯಾರ ಕಣ್ಣಿಗೂ ಬೀಳಲ್ಲ. ನಾಲ್ಕೂ ಕಡೆ ಸೇರಿ 54 ತ್ರಿಕೋನ. 44 ಇಂಚು ಅಗಲದ ಬಟ್ಟೆ ಮುಕ್ಕಾಲು ಮೀಟರ್ ತಂದರೆ ಸಾಕು, ಸ್ವಲ್ಪ ಮಿಗುತ್ತದೆ.

ಗುಂಡುಸೂಜಿ ಚುಚ್ಚುವಾಗ ಮೊದಲು ಎರಡು ತುದಿಯ ತ್ರಿಕೋನ ಕೂರಿಸಿ. ಆಮೇಲೆ ನಡುವಿನವು. ಇಲ್ಲೇ ನಾನು ಎಡವಿದ್ದು. ಹೀಗೆ ಮಡಿಚಿದ ತ್ರಿಕೋನಕ್ಕೆ ಒಂದು ಕಡೆ ಬಾಯಿ ತೆರೆದಿರುತ್ತದೆ, ಇನ್ನೊಂದು ಕಡೆ ಮುಚ್ಚಿರುತ್ತದೆ. ಮುಚ್ಚಿದ ಕಡೆಯನ್ನು ಪಕ್ಕದ್ದರ ಬಾಯೊಳಗೆ ತೂರಿಸಬೇಕು. ಮೊಮ್ಮಗನ ಕೌದಿಗೆ ನಾನು ಎಡ ತುದಿಯಿಂದ ಆರು, ಬಲ ತುದಿಯಿಂದ ಆರು ಹಾಕುತ್ತಾ ಬಂದೆ. ನಡುವೆ ನೋಡಿದರೆ ಎರಡು ಬಾಯಿ ಎದುರುಬದುರು, ಜಗಳಕ್ಕೆ ನಿಂತ ವಾರಗಿತ್ತಿಯರ ಹಾಗೆ! ಯಾವುದರೊಳಗೆ ಯಾವುದನ್ನೂ ತೂರಿಸಲಾಗದು. ರಾತ್ರಿ ಹನ್ನೊಂದಕ್ಕೆ ಆರನ್ನೂ ಬಿಚ್ಚಿ ತಿರುಗಿಸಿದೆ. ಹಾಗಾಗಿ ನಾಲ್ಕೂ ಬದಿಯಲ್ಲಿ ಬಾಯಿ ಒಂದೇ ದಿಕ್ಕಿಗಿರಲಿ. ಇಸ್ತ್ರಿ ಮಾಡುವಾಗಲೇ ಒಂದೇ ಕಡೆಗೆ ಜೋಡಿಸಿಡಿ.

ತ್ರಿಕೋನದ ಮೂತಿ ಕೌದಿಯ ಒಳಗಡೆಗೆ, ಕತ್ತರಿಸಿದ ಬುಡ ಕೌದಿಯ ಅಂಚಿಗೆ. ಮೊದಮೊದಲು ಎಲ್ಲರಿಗೂ ತಲೆಕೆಳಗಾದ ಹಾಗೆ ಅನಿಸುತ್ತದೆ. ಹೊಲಿದು ತಿರುಗಿಸಿದ ಮೇಲೆ ಸರಿಯಾಗುತ್ತದೆ.

ಇನ್ನು ಮೂಲೆ. ಸಾಲಿನ ಕೊನೆಯ ತ್ರಿಕೋನದ ಬುಡದ ತುದಿ ಕೌದಿಯ ಮೂಲೆಗೆ ಸರಿಯಾಗಿ ಬರಬೇಕು. ಪಕ್ಕದ ಬದಿಯ ಮೊದಲ ತ್ರಿಕೋನವೂ ಅಷ್ಟೇ. ಎರಡೂ ಓರೆಗಳು ಮುಟ್ಟಿಕೊಂಡು ಮಲಗಬೇಕು, ಒಂದರ ಮೇಲೊಂದು ಹತ್ತಬಾರದು. ಹತ್ತಿದರೆ ನೀವು ಹೇಳಿದ ಗಂಟು. ಸರಿಯಾಗಿ ಕೂತಿದೆಯಾ ಅಂತ ನೋಡಲು ಒಂದು ಉಪಾಯ ಇದೆ. ಹೊರಗೆ ತಿರುಗಿಸಿದಾಗ ಮೂಲೆಯ ಎರಡು ತ್ರಿಕೋನಗಳ ಓರೆ ಸೇರಿ ಒಂದೇ ನೇರ ಗೆರೆಯಾಗಿ, ಕೌದಿಯ ಮೂಲೆ ಆ ಗೆರೆಯ ಮೇಲೆಯೇ ಕೂತಿರಬೇಕು. ಗೆರೆ ಬಾಗಿದರೆ ಗುಂಡುಸೂಜಿ ತೆಗೆದು ಮತ್ತೆ ಕೂರಿಸಿ.

ಮೊದಲು ಅಂಚಿಗೆ ಹತ್ತಿರ, ಕಾಲು ಇಂಚಿಗೂ ಕಮ್ಮಿಯಲ್ಲಿ, ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಕಾಲು ಇಂಚಿಗೆ ಮಿಷನ್. ಒಂದರೊಳಗೊಂದು ಕೂತಲ್ಲಿ ಎಂಟು ಪದರ, ಕೆಳಗೆ ಹತ್ತಿ ಬೇರೆ. ಹದಿನಾರನೇ ನಂಬರ್ ಸೂಜಿ ಹಾಕಿ, ದಪ್ಪ ಬಂದಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ. ಹಿಂಬದಿಯ ಬಟ್ಟೆಯನ್ನು ಈ ಹೊಲಿಗೆಗೆ ಸೇರಿಸಬೇಡಿ, ಹಿಂದಕ್ಕೆ ಮಡಿಚಿ ಪಿನ್ ಮಾಡಿಡಿ. ಕೌದಿಯ ಹೊಲಿಗೆ ಅಂಚಿನವರೆಗೂ ಬಂದಿದ್ದರೆ ಸುತ್ತ ಎರಡು ಇಂಚು ಬಿಚ್ಚಲೇಬೇಕು. ಬೇಜಾರು ಮಾಡ್ಕೋಬೇಡಿ. ತ್ರಿಕೋನ ಹೊರಗೆ ತಿರುಗಿಸಿ, ಅಂಚಿನೊಳಗಿನ ಹತ್ತಿಯನ್ನು ಕಾಲು ಇಂಚು ಕತ್ತರಿಸಿ, ಹಿಂಬದಿ ಬಟ್ಟೆಯ ತುದಿ ಒಳಕ್ಕೆ ಮಡಿಚಿ ಹೊಲಿಗೆ ಗೆರೆ ಮುಚ್ಚುವ ಹಾಗೆ ಕೈಯಲ್ಲಿ ಹೆಮ್ಮಿಂಗ್ ಮಾಡಿ. ಈ ಹೆಮ್ಮಿಂಗ್‌ಗೆ ಮಾತ್ರ ಮಿಷನ್ ಬೇಡ. ಮೇಲೆ ಹೊಲಿಗೆ ಕಾಣುತ್ತದೆ.

ಪ್ರಶ್ನೆ: ಅಜ್ಜಿಯ ಹಳೇ ಮೈಸೂರು ಸಿಲ್ಕ್ ಸೀರೆಯಿಂದ ಪ್ರೇರಿ ಪಾಯಿಂಟ್ ಮಾಡಬಹುದಾ?
— ಮೈಸೂರು, ಸರಸ್ವತಿಪುರಂ

ಕೂಸಿನ ಕೌದಿಗಾದರೆ ಬೇಡ. ವಾರಕ್ಕೆರಡು ಸಲ ಒಗೆಯುವುದನ್ನು ರೇಷ್ಮೆ ತಡೆಯಲ್ಲ, ಜರಿ ಕೂಸಿಗೆ ಚುಚ್ಚುತ್ತದೆ. ನಮ್ಮೂರಿನ ರೇಷ್ಮೆ ಕಾರ್ಖಾನೆ ಶುರುವಾಗಿದ್ದು 1912ರಲ್ಲಿ. ನಿಮ್ಮ ಅಜ್ಜಿಯ ಸೀರೆಗೂ ಒಂದು ಚರಿತ್ರೆ ಇದ್ದೀತು. ಕತ್ತರಿ ಹಾಕುವ ಮುಂಚೆ ಒಂದು ಮೂಲೆಯನ್ನು ಮಡಿಚಿ ಬೆರಳಿಂದ ಒತ್ತಿ ನೋಡಿ. ಮಡಿಕೆಯಲ್ಲಿ ಎಳೆ ಬಿಡುತ್ತಿದ್ದರೆ ಅದು ತ್ರಿಕೋನಕ್ಕೆ ಬಾರದು. ಗಟ್ಟಿಯಿದ್ದರೆ ಗೋಡೆಗೆ ತೂಗುಹಾಕುವಂಥದ್ದಕ್ಕೆ ಬಳಸಿ. ರೇಷ್ಮೆ ಜಾರುತ್ತದೆ. ಗುಂಡುಸೂಜಿ ಜೊತೆ ಕಚ್ಚಾ ಹೊಲಿಗೆಯೂ ಇರಲಿ. ಇಸ್ತ್ರಿ ಕಮ್ಮಿ ಬಿಸಿಯಲ್ಲಿ, ಮೇಲೊಂದು ತೆಳು ಬಟ್ಟೆ ಹಾಸಿ.

ಪ್ರಶ್ನೆ: ಇದೆಲ್ಲ ವಿದೇಶಿ ಶೋಕಿ ಅಲ್ವಾ? ನಮ್ಮ ಕೌದಿಗೆ ಏಕೆ ಇದು?
— ಮದ್ದೂರು

ಬೈದದ್ದು ಸಂತೋಷವೇ. ಆದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಅವರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಚಿ ತ್ರಿಕೋನ ಮಾಡಿ ಕೂರಿಸುತ್ತಾರೆ. ಅದಕ್ಕೆ ಅವರು ಫುಲಾ ಅಂತಾರೆ, ಹೂವು ಅಂತ. ಹೂವಿಲ್ಲದ ಕೌದಿ ಬೆತ್ತಲೆ ಅನ್ನುವುದು ಅವರ ಮಾತು. ಸುತ್ತ 54 ಮಾಡಲು ಸಮಯವಿಲ್ಲದಿದ್ದರೆ ನೀವೂ ಮೂಲೆಗೊಂದು ಹಾಕಿ ನೋಡಿ. ಒಂದು ಮಧ್ಯಾಹ್ನದ ಕೆಲಸ.