ರಾತ್ರಿ ಒಂದರ ತನಕ ಓದಿದ್ರೂ ಬೆಳಿಗ್ಗಿ ಮರ್ತು ಹೋಗಿರ್ತೈತಿ, ಏನ್ ಮಾಡ್ಲಿ ಸರ್?

ಪ್ರಶ್ನೆ: ಸರ್, ನಾನು ಗಂಗಾವತಿ ಹತ್ರದ ಹಳ್ಳಿಯಾಕಿ, ಎಸ್ಸೆಸ್ಸೆಲ್ಸಿ, ಕನ್ನಡ ಮೀಡಿಯಂ. ಸ್ಪೆಷಲ್ ಕ್ಲಾಸ್ ಮುಗಿಸಿ ಬಸ್ ಹಿಡಿದು ಮನಿ ಮುಟ್ಟೋದ್ರಾಗ ಆರೂವರಿ, ಆಮ್ಯಾಲೆ ನೀರು ತರೋದು, ರೊಟ್ಟಿ ಮಾಡೋದು. ಒಂಬತ್ತಕ್ಕ ಕುಂತ್ರ ಒಂದರ ತನಕ ಓದ್ತೀನಿ, ಬೆಳಿಗ್ಗಿ ಒಂದೂ ನೆನಪಿರಲ್ಲ. ಗಣಿತ ಅಂದ್ರ ಅಂಜಿಕಿ. ಯೂಟ್ಯೂಬ್‌ನಾಗ ದಿನಕ್ಕ ಹತ್ತು ತಾಸು ಓದ್ರಿ ಅಂತಾರ, ನಂಗ ಅಷ್ಟು ಟೈಮ್ ಎಲ್ಲಿ ಸಿಗ್ತೈತಿ?

ಉತ್ತರ: ತಂಗಿ, ಮೊದ್ಲು ಆ ಹತ್ತು ತಾಸಿನ ವಿಡಿಯೋ ನೋಡೋದು ಬಿಡು, ಅವು ನಿನ್ನಂಥ ಮನಿ ಹುಡುಗ್ಯಾರಿಗೆ ಮಾಡಿದ್ದಲ್ಲ. ದಿನಕ್ಕ ಎರಡೂವರಿ ತಾಸು ಸರಿಯಾಗಿ ಓದಿದ್ರ ನಡೀತೈತಿ.

ನಿನ್ನ ತಲಿ ಚಲೋನ ಐತಿ. ಒಂದ ಪಾಠ ನಾಕು ಸಲ ಕಣ್ಣಾಡಿಸಿದ್ರ ಎಲ್ಲಾ ಗೊತ್ತಿರೋದ ಅನಿಸ್ತೈತಿ, ಬಂತು ಅನ್ಕೊಂಡು ಮುಂದಕ್ಕ ಹೋಗ್ತೀವಿ, ಆದ್ರ ಪರೀಕ್ಷೆದಾಗ ಎದುರಿಗೆ ಪುಸ್ತಕ ಇರಂಗಿಲ್ಲ, ಖಾಲಿ ಹಾಳಿ ಮ್ಯಾಲೆ ಬರೀಬೇಕು. ಹಂಗಾಗಿ ಅದನ್ನ ರೂಢಿ ಮಾಡ್ಕೋ. ಎರಡು ಪುಟ ಓದು, ಪುಸ್ತಕ ಮುಚ್ಚು, ನೆನಪಿದ್ದಷ್ಟು ರಫ್ ಬುಕ್‌ನಾಗ ಬರಿ, ತೆಗೆದು ನೋಡಿ ಬಿಟ್ಟಿದ್ದನ್ನ ಕೆಂಪು ಪೆನ್ನಿನಾಗ ತುಂಬು. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಪ್ರತಿ ಸಲ ಪುಸ್ತಕ ನೋಡೋಕಿಂತ ಮೊದ್ಲ ಬರಿ. ನೆನಪಿಗೆ ಬರ್ಲಿಲ್ಲ ಅಂತ ಒದ್ದಾಡ್ತೀಯಲ್ಲ, ಆ ಒದ್ದಾಟದಾಗನ ವಿಷಯ ಗಟ್ಟಿ ಆಗೋದು, ಅದಕ್ಕ ಬ್ಯಾಸರ ಮಾಡ್ಕೋಬ್ಯಾಡ. ಹೃದಯದ ಚಿತ್ರನೂ ನೋಡಿ ತಿದ್ದಿದ್ರ ಬರಲ್ಲ, ಮುಚ್ಚಿಟ್ಟು ಬಿಡಿಸ್ಬೇಕು, ಭಾಗ ಗುರುತಿಸ್ಬೇಕು.

ಒಂದರ ತನಕ ಎಚ್ಚರ ಇರೋದು ಬ್ಯಾಡ. ಓದಿದ್ದು ತಲಿಯಾಗ ಕೂಡ್ಬೇಕಂದ್ರ ನಿದ್ದಿ ಬೇಕು. ಒಂಬತ್ತರಿಂದ ಹತ್ತು ಓದಿ ಮಲಗು, ಐದಕ್ಕ ಎದ್ದು ಆರೂವರಿ ತನಕ ಕೂಡು. ರಾತ್ರಿ ಸಮಾಜ, ಕನ್ನಡ ಇಟ್ಕೋ, ಬೆಳಿಗ್ಗಿ ಗಣಿತ, ವಿಜ್ಞಾನ. ಬಸ್ಸಿನಾಗ ಗೆಳತಿ ಜೊತಿ ಸೂತ್ರ, ಇಸವಿ ಒಬ್ರಿಗೊಬ್ರು ಕೇಳ್ಕೋರಿ, ಅದೂ ಓದ.

ಗಣಿತದ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರ ನಮ್ಮ ಕಡಿ ಹುಡುಗ್ರು ಹೆಚ್ಚು ಸೋಲೋದು ಅಲ್ಲೇ, ಅದೂ ಲೆಕ್ಕ ಕೈಯಿಂದ ಬಿಡಿಸದ ಬರೇ ನೋಡಿ ಓದೋದ್ರಿಂದ. ಪತ್ರಿಕೆ 80 ಅಂಕದ್ದು, ಉಳಿದ 20 ಆಂತರಿಕ. ಅಂಜಿಕಿ ಇರೋ ಅಧ್ಯಾಯದಿಂದ ಶುರು ಮಾಡ್ಬ್ಯಾಡ. ಸಮಾಂತರ ಶ್ರೇಢಿ, ಗ್ರಾಫ್ ಲೆಕ್ಕ, ಸರಾಸರಿ ಮಧ್ಯಾಂಕ ಬಹುಲಕ, ಥೇಲ್ಸ್ ಪ್ರಮೇಯ, ಇವನ್ನ ಕೈ ತಾನಾಗೇ ಬರೆಯೋವಷ್ಟು ಮಾಡು. ಬಿಡಿಸಿದ ಲೆಕ್ಕ ನೋಡು, ಮುಚ್ಚಿ ನೀನ ಬಿಡಿಸು, ಎಲ್ಲಿ ನಿಲ್ತೀಯೋ ಆ ಸ್ಟೆಪ್‌ಗೆ ಗುರುತು ಹಾಕಿ ಮರುದಿನ ಸರ್ ಹತ್ರ ಅದೊಂದನ್ನ ಕೇಳು. ಗಣಿತ ಬರಂಗಿಲ್ರಿ ಅಂದ್ರ ಅವ್ರಿಗೂ ಏನ್ ಹೇಳ್ಬೇಕು ತಿಳಿಯಂಗಿಲ್ಲ, ಈ ಸಾಲಿನಿಂದ ಈ ಸಾಲು ಹೆಂಗ ಬಂತು ಅಂದ್ರ ತಟ್ಟನ ಹೇಳ್ತಾರ. ದಿನಾ ಮೂರು ಲೆಕ್ಕ, ಜ್ವರ ಬಂದ ದಿನ ಬಿಟ್ರ.

ಭಾನುವಾರ ಒಂದು ಹಳೇ ಪ್ರಶ್ನೆಪತ್ರಿಕೆ ಗಡಿಯಾರ ಇಟ್ಕೊಂಡು ಬರಿ, ಮೊದಲ 15 ನಿಮಿಷ ಪ್ರಶ್ನೆ ಓದಾಕಷ್ಟ. ಎರಡನೇ ಬೆಳಿ ನಾಟಿಗೆ ಹೊಲಕ್ಕ ಕರೆದ್ರ ಆ ವಾರ ಪತ್ರಿಕೆ ಬಿಡು, ಮುಂದಿನ ವಾರ ಎರಡು ಬರೀತೀನಿ ಅಂತ ಮಾತ್ರ ಅನ್ಕೋಬ್ಯಾಡ, ಅದು ಆಗಂಗಿಲ್ಲ.

ಈಗ ಒಂದ ವರ್ಷದಾಗ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೀಬಹುದು, ಹೆಚ್ಚು ಬಂದ ಅಂಕನ ಉಳೀತಾವ, ಹಿಂಗಾಗಿ ಒಂದ ದಿನದಾಗ ಬದುಕು ಮುಗೀತು ಅನ್ನೋ ಹೆದರಿಕಿ ಬ್ಯಾಡ.

ಕಡೀದು ನಿಮ್ಮವ್ವ ಅಪ್ಪಗ. ಈ ಭಾಗ ಅವ್ರಿಗೆ ಓದಿ ಹೇಳು. ಅಕ್ಕಾರ, ಅಣ್ಣಾರ, ಪರೀಕ್ಷೆ ಮುಗಿಯೋ ತನಕ ನೀರು ತರೋ ಕೆಲ್ಸ ಮನಿಯಾಗ ಬ್ಯಾರೆಯವ್ರಿಗೆ ಕೊಡ್ರಿ, ಗಂಡುಹುಡುಗ್ರಿದ್ರ ಅವ್ರಿಗೇ ಕೊಡ್ರಿ. ದಿನಾ ಆ ಮುಕ್ಕಾಲು ತಾಸು ಈ ಹುಡುಗಿಗೆ ಸಿಗ್ಲಿ.